ಒಂದೇ ಗುಂಡಿಯ ಮಣ್ಣು

ಅಕ್ಕಾ,

ಇವತ್ತು ಮಾರ್ನಮಿ ಅಮಾವಾಸ್ಯೆ. ಬೆಳಿಗ್ಗೆಯಿಂದ ಊರ ಕಡೆಯಿಂದ ಒಗ್ಗರಣೆ ವಾಸನೆ ಬರುತ್ತಿದೆ. ಎಲ್ಲರ ಮನೆಯಲ್ಲೂ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ, ನಮ್ಮ ಮಿಶನ್ ಕೇರಿಯಲ್ಲಿ ಮಾತ್ರ ದಿನದ ಮುದ್ದೆ, ದಿನದ ಸಾರು. ಸತ್ತವರು ಉಣ್ಣುವುದಿಲ್ಲ, ಓದುವುದೂ ಇಲ್ಲ, ಕರ್ತನ ಬಳಿ ನೆಮ್ಮದಿಯಾಗಿರುತ್ತಾರೆ ಎಂದು ನಮ್ಮ ಪಾದ್ರಿ ಅಯ್ಯನವರು ಹೇಳುತ್ತಾರೆ. ಹೇಳಲಿ. ಅವರು ಹೇಳಿದ್ದನ್ನೆಲ್ಲ ನಾನು ಕೇಳಿದ್ದರೆ ಇಷ್ಟು ಹೊತ್ತಿಗೆ ರೆಕ್ಕೆ ಮೂಡಿರುತ್ತಿದ್ದವು. ನಿನಗಂತೂ ಅಕ್ಷರ ಬರುತ್ತಿರಲಿಲ್ಲ. ನಾನು ಹಲಗೆ ಬಳಪ ಹಿಡಿದು ಕೂತಾಗಲೆಲ್ಲ ನಿನಗೆ ನಿದ್ದೆ. ಆದ್ದರಿಂದ ಇದನ್ನು ನನ್ನ ರೂತಿಯಿಂದ ಓದಿಸಿಕೋ. ಅವಳು ನಿನ್ನ ಮಗ್ಗುಲಲ್ಲೇ ಮಲಗಿದ್ದಾಳೆ, ಎರಡನೆಯ ಪುಸ್ತಕದ ತನಕ ಓದಿದ್ದಳು, ಅಮ್ಮನ ಕೈಬರಹ ಅವಳಿಗೆ ಗುರುತು ಸಿಗುತ್ತದೆ. ನಿನಗೆ ಹೇಳಬೇಕಾದ ದೊಡ್ಡ ಸುದ್ದಿಯೊಂದಿದೆ. ನೇರ ಅಲ್ಲಿಗೇ ಹೋಗಲಾರೆ, ಅದಕ್ಕೆ ಮೊದಲಿಂದ ಬರುತ್ತೇನೆ.

ಪ್ಲೇಗಿನ ವರ್ಷ ನೆನಪಿದೆಯೇ? ತಾವರೆಕೆರೆ ಕಡೆಯ ನಿಮ್ಮ ಹಳ್ಳಿಯಲ್ಲಿ ಇಲಿ ಬಿದ್ದವೆಂದು ಊರಿಗೆ ಊರೇ ಖಾಲಿಯಾಗಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕೂತಿತ್ತು. ಉಪದೇಶಿಯಾಗಿದ್ದ ನಮ್ಮ ಮನೆಯವರು ಮುಂದೆ, ಔಷಧದ ಬಾಟ್ಲಿಗಳ ಚೀಲ ಹೊತ್ತ ನಾನು ಹಿಂದೆ, ಸಿರಾದಿಂದ ನಡೆದು ಬರುತ್ತಿದ್ದೆವು. ಬೇರೆ ದಿನಗಳಲ್ಲಾಗಿದ್ದರೆ ನಮ್ಮಂಥ ಕೇರಿಯ ಜನ ನಿಮ್ಮ ಒಕ್ಕಲಿಗರ ಬೀದಿಗೆ ಕಾಲಿಡುವಂತಿರಲಿಲ್ಲ. ಹೊಲದಲ್ಲಿ ಬೀದಿಯೇ ಇರಲಿಲ್ಲವಲ್ಲ, ತಡೆಯುವವರು ಯಾರು? ನಿನ್ನ ಗಂಡನ ಕಂಕುಳಲ್ಲಿ ಗಡ್ಡೆ ಎದ್ದಿತ್ತು. ಮೈದುನ ತನ್ನ ಗುಡಿಸಲನ್ನು ಕಿತ್ತು ಹೊಲದ ಆಚೆ ಕಡೆಗೆ ಹಾಕಿಕೊಂಡಿದ್ದ, ಅವನ ಹೆಂಡತಿ ನಿನ್ನ ಹಸುಗೂಸು ರಂಗನನ್ನು ಎತ್ತಿಕೊಂಡು ಹೋಗಿದ್ದಳು. ನೀನೊಬ್ಬಳೇ ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಾನು ಒಳಗೆ ಬಂದು ಒಲೆ ಹಚ್ಚಿ ನೀರು ಕಾಯಿಸಿದೆ. ನಮ್ಮ ಕೈ ನೀರು ಆಗುತ್ತದೆಯೇ ಎಂದು ನಾನು ಕೇಳಲಿಲ್ಲ, ನಿಮ್ಮ ಜಾತಿ ಯಾವುದು ಎಂದು ನೀನು ಕೇಳಲಿಲ್ಲ.

ಅವನನ್ನು ಹೊಲದ ಮೂಲೆಯಲ್ಲಿ, ಹುಣಸೆಮರದ ಹತ್ತಿರ ಮಣ್ಣು ಮಾಡಿದರು. ನಾನು ಚೀಲ ಎತ್ತಿಕೊಂಡು ಹೊರಟಾಗ ನೀನು ಹಿಂದಿನಿಂದ ಕೇಳಿದೆ. "ಯಾರೂ ಕರೀಲಿಲ್ಲ. ನೀ ಯಾಕ್ ಬಂದ್ಯಮ್ಮ?" ಇಂಥ ಪ್ರಶ್ನೆಗೆ ಕೊಡಬೇಕಾದ ಉತ್ತರಗಳನ್ನು ನಮಗೆ ಪಾಠ ಮಾಡಿಸಿದ್ದರು. ಅವತ್ತು ಒಂದೂ ನಾಲಗೆಗೆ ಬರಲಿಲ್ಲ, ಅಷ್ಟು ದಣಿದಿದ್ದೆ. ನಮ್ಮ ಸ್ವಾಮಿ ಕರೆಯದೆ ಬರುವವನು, ಅವನ ಸ್ನೇಹ ಮಾಡಿ ನಮಗೂ ಅದೇ ಚಾಳಿ ಅಂಟಿದೆ ಎಂದುಬಿಟ್ಟೆ. ನೀನು ನನ್ನ ಮುಖವನ್ನೇ ನೋಡಿದೆ. ಬಾಯಿಗೆ ಬಂದಂತೆ ಹೇಳಿ ಹೋದ ಆ ಮಾತನ್ನು ನೀನು ಗಂಟು ಕಟ್ಟಿಟ್ಟುಕೊಂಡೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ರೋಗ ಇಳಿದು ಜನ ಊರೊಳಗೆ ಸೇರಿಕೊಂಡ ಮೇಲೆ ನೀನು ಸಿರಾ ಸಂತೆಗೆ ಬರುವ ನೆಪ ಮಾಡಿಕೊಂಡು ನಮ್ಮ ಶಾಲೆಯ ಕೋಣೆಗೆ ಬರತೊಡಗಿದೆ. ಭಾನುವಾರ ಅದೇ ನಮಗೆ ದೇವಾಲಯ. ಬಾಗಿಲ ಹತ್ತಿರ, ಅರ್ಧ ಒಳಗೆ ಅರ್ಧ ಹೊರಗೆ ಕೂರುತ್ತಿದ್ದೆ. ಒಂದು ದಿನ ದೀಕ್ಷಾಸ್ನಾನ ಬೇಕು ಎಂದೆ. ವಿಷಯ ಊರಿಗೆ ಮುಟ್ಟಿದ ದಿನವೇ ನಿನ್ನ ಮೈದುನ ಅಂಗಳದಲ್ಲಿ ನಿಂತು ತೀರ್ಪು ಕೊಟ್ಟನಂತೆ, ಹೋಗುವುದಾದರೆ ಹೋಗು, ಮಗುವನ್ನು ಮುಟ್ಟಬೇಡ, ಅದು ನಮ್ಮ ಮನೆಯ ಕುಡಿ ಎಂದು. ನಾನು ಎಷ್ಟು ಬಡಕೊಂಡೆ! ಸ್ವಾಮಿಗೇನೂ ಅವಸರವಿಲ್ಲ, ಮಗ ದೊಡ್ಡವನಾಗುವ ತನಕ ಕಾಯಿ, ಮನಸ್ಸಿನಲ್ಲಿ ನಂಬಿಕೊಂಡಿದ್ದರೆ ಸಾಕು ಎಂದೆ. ಆತ್ಮಗಳನ್ನು ಗೆಲ್ಲುವ ಕೆಲಸಕ್ಕಿದ್ದ ಹೆಂಗಸು ಬಂದ ಆತ್ಮವನ್ನು ವಾಪಸು ಕಳಿಸಲು ಹೆಣಗಿದೆ. ನೀನು ಹೇಳಿದ್ದು ಒಂದೇ ಮಾತು. "ಅವ್ನ್ ನೋಡ್ಕತಾನೆ ಬುಡು ಮಾರ್ತಮ್ಮ." ನನಗೆ ಆ ಮಾತು ಕೇಳಿ ಅವತ್ತೇ ಸಿಟ್ಟು ಬಂದಿತ್ತು. ಒಬ್ಬ ತಾಯಿ ಇಷ್ಟು ಹಗುರಾಗಿ ಅದನ್ನು ಹೇಗೆ ಹೇಳುತ್ತಾಳೆ ಎಂದು. ಹಗುರಾಗಿ ಹೇಳಿರಲಿಲ್ಲ ಎಂದು ತಿಳಿಯಲು ನನಗೆ ಮುಪ್ಪು ಬರಬೇಕಾಯಿತು.

ಬೀಸುವ ಕಲ್ಲಿನ ಸದ್ದು ಕೇಳಿದಾಗಲೆಲ್ಲ ನಿನ್ನ ಪ್ರಾರ್ಥನೆ ನೆನಪಾಗುತ್ತದೆ. ಮಗನನ್ನು ಅಲ್ಲೇ ಬಿಟ್ಟು ನೀನು ನಮ್ಮ ಕೇರಿಗೆ ಬಂದೆ, ದೀಕ್ಷೆಯಲ್ಲಿ ನಿನಗೆ ಕೃಪಮ್ಮ ಎಂದು ಹೆಸರಿಟ್ಟರು, ಪರಲೋಕದ ತಂದೆಯನ್ನು ಕುರಿತು ಹೇಗೆ ಮಾತಾಡಬೇಕೆಂದು ನಾನು ಸಾಲು ಸಾಲಾಗಿ ಹೇಳಿಕೊಟ್ಟೆ. ನೀನು ತಲೆಯಾಡಿಸಿ, ರಾಗಿ ಬೀಸಲು ಕೂತು, ಪಕ್ಕದ ಮನೆಯವನನ್ನು ಗೋಡೆಯ ಮೇಲಿಂದ ಮಾತಾಡಿಸುವ ಹಾಗೆ ಶುರು ಮಾಡುತ್ತಿದ್ದೆ. "ಏನಪ್ಪಾ, ರಾಗಿ ತೇವ ಆಗೈತೆ, ಒಸಿ ಬಿಸ್ಲು ಕೊಡು. ರಂಗನಿಗೆ ಕೆಮ್ಮಿತ್ತು, ಹೋಯ್ತಾ ನೋಡ್ದಾ?" ಮಧ್ಯೆ ಮಧ್ಯೆ ಸುಮ್ಮನಾಗುತ್ತಿದ್ದೆ, ಉತ್ತರ ಕೇಳಿಸಿಕೊಳ್ಳುವವಳ ಹಾಗೆ. ನನ್ನ ರೂತಿ ಎದುರಿಗೆ ಕೂತು ಹಿಡಿ ಹಿಡಿಯಾಗಿ ರಾಗಿ ಹಾಕುತ್ತ, ಸ್ವಾಮಿ ಏನಂದ ದೊಡ್ಡಮ್ಮ ಎಂದು ಕೇಳುತ್ತಿದ್ದಳು. ನೋಡ್ತೀನಿ ಅಂದ ಕಣವ್ವ ಎನ್ನುತ್ತಿದ್ದೆ. ನಿನಗೆ ಹುರಿಗಡಲೆ ಬೆಲ್ಲ ಕೊಟ್ಟರೆ ಅರ್ಧ ಅವಳ ಬಾಯಿಗೆ ಹೋಗುತ್ತಿತ್ತು. ದಿನಕ್ಕೆ ಮೂರು ಹೊತ್ತು ದೇವರ ಪ್ರೀತಿಯ ಬಗ್ಗೆ ಮಾತಾಡುತ್ತಿದ್ದ ನನಗೆ ಅವನ ಜೊತೆ ಹೀಗೆ ಹರಟಲು ಎಂದೂ ಬರಲಿಲ್ಲ.

ನಿನ್ನ ಮೊದಲ ಕರ್ತನ ಭೋಜನದ ದಿನವನ್ನು ನಾನು ಮರೆತರೂ ಸಭೆ ಮರೆಯಲಿಲ್ಲ. ಅಯ್ಯನವರು ತುಮಕೂರಿನಿಂದ ಬಂದಿದ್ದರು. ನಾವೆಲ್ಲ ಸಾಲಾಗಿ ಮೊಣಕಾಲೂರಿದ್ದೆವು, ದ್ರಾಕ್ಷಾರಸದ ಬಟ್ಟಲು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಹೋಗುತ್ತಿತ್ತು. ಪೌಲಜ್ಜ ಕುಡಿದ ಮೇಲೆ ಅದು ನಿನ್ನ ಕೈಗೆ ಬಂತು. ನೀನು ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಎಡಗೈಯನ್ನು ಗಲ್ಲದ ಕೆಳಗೆ ಹಿಡಿದು, ಬಟ್ಟಲನ್ನು ಮೇಲಕ್ಕೆ ಎತ್ತಿ ಬಾಯಿಗೆ ಸುರಿದುಕೊಂಡೆ. ಒಂದು ಹನಿ ಕೆಳಗೆ ಬೀಳಲಿಲ್ಲ. ನಿಮ್ಮ ಮನೆಗಳಲ್ಲಿ ಪಾತ್ರೆಗೆ ತುಟಿ ಹಚ್ಚಿ ಕುಡಿಯುವವರು ಯಾರಿದ್ದಾರೆ? ಎಂಜಲಾಗದ ಹಾಗೆ ಎತ್ತಿ ಕುಡಿಯುವುದನ್ನು ಮಕ್ಕಳಿಗೆ ನಡೆಯುವುದರ ಜೊತೆಗೇ ಕಲಿಸುತ್ತಾರೆ. ಕುಡಿಯುವುದೆಂದರೆ ಹಾಗೆಯೇ ಎಂದು ನಿನ್ನ ಕೈಗೆ ಗೊತ್ತಿತ್ತು, ಅಷ್ಟೇ. ಆದರೆ ಅಲ್ಲಿ ಕೂತ ನಮಗೆಲ್ಲ ಕಂಡದ್ದು, ನಮ್ಮ ಬಾಯಿ ತಾಗಿದ್ದನ್ನು ಮುಟ್ಟಲೊಲ್ಲದ ಒಕ್ಕಲಿಗರ ಹೆಂಗಸು.

ಅಂಗಳಕ್ಕೆ ಬಂದ ಮೇಲೆ ಪೌಲಜ್ಜ ಬಾಯಿಬಿಟ್ಟ. ಕಪಿಲೆ ಬಾವಿಗಳಿಗೆ ತೊಗಲಿನ ಚೀಲ ಹೊಲಿಯುವುದು ಅವನ ಕಸುಬು. ಸುತ್ತಿನ ಹೊಲಗಳಿಗೆಲ್ಲ ಅವನು ಹೊಲಿದ ಚೀಲದಲ್ಲೇ ನೀರು ಏರುತ್ತಿತ್ತು, ಅವನಿಗೆ ಮಾತ್ರ ಬಾವಿಯ ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ. ಆ ನೋವನ್ನೆಲ್ಲ ಅವತ್ತು ನಿನ್ನ ಮೇಲೆ ಸುರಿದ. "ನಮ್ ಎಂಜಲು ಒಲ್ದೋರಿಗೆ ನಮ್ ದೇವ್ರು ಯಾಕೆ?" ನಿನಗೆ ತಿಳಿಯಲೇ ಇಲ್ಲ, ನನ್ನನ್ನು ನೋಡಿದೆ. ಮನೆಗೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದಾಗ ನಿನ್ನ ಬಲಗೈಯನ್ನು ನೀನೇ ಹೊಡೆದುಕೊಂಡೆ. ಮುಂದಿನ ಸಲ ತುಟಿ ಹಚ್ಚಿಯೇ ಹಚ್ಚುತ್ತೇನೆಂದು ಬಂದೆ. ಬಟ್ಟಲು ಬಾಯಿಯ ಹತ್ತಿರ ಬಂದೊಡನೆ ಕೈ ತಾನಾಗಿ ಮೇಲಕ್ಕೆದ್ದಿತು. ಆಮೇಲೆ ಸಾಲಿನ ಕೊನೆಗೆ ಹೋಗಿ, ಯಾರಿಗೂ ಕಾಣದ ಹಾಗೆ ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದೆ. ಮಗನನ್ನು ಬಿಟ್ಟು ಬಂದವಳನ್ನು ನಮ್ಮವರು ಕೊನೆಯ ತನಕ ಪೂರ್ತಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಇದು ನಿಜ.

ತಾವರೆಕೆರೆಯ ಸಂತೆಯ ದಿನ ಬಂದರೆ ನಿನ್ನ ಕಾಲು ನಿಲ್ಲುತ್ತಿರಲಿಲ್ಲ. ಬೆಳಕು ಹರಿಯುವಾಗ ಹೊರಟು, ಊರೊಳಗೆ ಹೋಗದೆ ಕೆರೆ ಏರಿಯ ಮೇಲೆ ನಿಲ್ಲುತ್ತಿದ್ದೆ. ಮೈದುನನ ಗಾಡಿ ಆ ದಾರಿಯಲ್ಲೇ ಬರಬೇಕು, ಗಾಡಿಯಲ್ಲಿ ರಂಗ ಇರುತ್ತಿದ್ದ. ನೋಡುವುದು, ಅಷ್ಟೇ. ಒಂದು ಸಂಜೆ ನೀನು ಹಣೆ ಒಡೆದುಕೊಂಡು ಬಂದೆ. ಮಿಶನ್ನಿನ ಬಿಳಿ ಸೀರೆಯ ಸೆರಗೆಲ್ಲ ರಕ್ತ. ಏರಿ ಮೇಲೆ ಕಾಲು ಜಾರಿ ಕಲ್ಲಿನ ಮೇಲೆ ಬಿದ್ದೆ ಎಂದೆ. ನಾನು ಸೊಪ್ಪು ಅರೆದು ಹಚ್ಚುತ್ತ ಬೈದೆ, ನೀನು ನಗುತ್ತಲೇ ಇದ್ದೆ. ಏನು ಬಂತು ನಿನಗೆ ಎಂದರೆ, "ಇವತ್ತು ಬಲು ಹತ್ರ ಬಂದಿದ್ದ ಕಣಮ್ಮ. ಕಣ್ಣು ಅವ್ರಪ್ಪಂದೇ" ಎಂದೆ. ಹುಚ್ಚಿ ಎಂದುಕೊಂಡೆ. ಆ ಗಾಯದ ಗುರುತು ನಿನ್ನ ಹುಬ್ಬಿನ ಮೇಲೆ ಉಳಿಯಿತು.

ದೊಡ್ಡ ಯುದ್ಧ ಮುಗಿಯುವಾಗ ಊರೂರಿಗೂ ಹರಡಿದ ಆ ಯುದ್ಧದ ಜ್ವರ ಬಂದಾಗ ಮೊದಲು ಮಲಗಿದವಳು ನಾನು. ಆಮೇಲೆ ರೂತಿ. ಮನೆಮನೆಗೆ ಗಂಜಿ ಹೊತ್ತು ತಿರುಗಲಾರದೆ ನೀನೂ ನಮ್ಮ ಮನೆಯವರೂ ಕೇರಿಯ ರೋಗಿಗಳನ್ನೆಲ್ಲ ಶಾಲೆಯ ಕೋಣೆಗೇ ತಂದು ಸಾಲಾಗಿ ಮಲಗಿಸಿದಿರಿ. ಕರ್ತನ ಭೋಜನಕ್ಕೆ ಮೊಣಕಾಲೂರುತ್ತಿದ್ದ ಅದೇ ನೆಲ. ನನ್ನ ಚಾಪೆಯ ಆಚೆಗೆ ಪೌಲಜ್ಜ. ಎದೆಯೊಳಗೆ ಗೊರಗೊರ ಸದ್ದು, ಉಗುರೆಲ್ಲ ನೀಲಿ. ನೀನು ಗಂಜಿಯ ಬಟ್ಟಲು ಹಿಡಿದು ಅವನ ತಲೆ ಎತ್ತಿದೆ. ಒಂದು ಗುಟುಕು ಹೋಯಿತೋ ಇಲ್ಲವೋ, ಕಣ್ಣು ಬಿಟ್ಟು ನಿನ್ನನ್ನು ಗುರುತು ಹಿಡಿದು ಬಾಯಿ ಬಿಗಿದ. ಸಾಯುವ ಹೊತ್ತಿನಲ್ಲೂ ಹಳೆಯ ಸಿಟ್ಟು. "ನಮ್ ಎಂಜಲು ಒಲ್ದೋಳ ಕೈ ಗಂಜಿ ನಂಗ್ ಬ್ಯಾಡ" ಎಂದ.

ನಾನು ಮಲಗಿದಲ್ಲಿಂದಲೇ ನೋಡಿದೆ. ನೀನು ಆ ಬಟ್ಟಲನ್ನು ನೋಡಿದೆ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೆ, ಅದು ಮೇಲೇಳದ ಹಾಗೆ. ಆಮೇಲೆ ಅವನ ಬಾಯಿ ತಾಗಿದ್ದ ಅಂಚಿಗೇ ತುಟಿ ಹಚ್ಚಿ ಒಂದು ಗುಟುಕು ಕುಡಿದೆ. ಅಂಟುತ್ತದೆ, ಬೇಡ ಅಕ್ಕ ಎಂದು ಒಳಗೇ ಕೂಗಿಕೊಂಡೆ. ಬಟ್ಟಲನ್ನು ಮತ್ತೆ ಅಜ್ಜನ ಬಾಯಿಗೆ ಹಿಡಿದೆ. ಅಜ್ಜ ನಿನ್ನನ್ನೇ ನೋಡುತ್ತ ಅಷ್ಟನ್ನೂ ಕುಡಿದ. ಕುಡಿದು, ತುಟಿ ಒರೆಸಿಕೊಂಡು, "ಉಪ್ಪು ಕಮ್ಮಿ ಆಯ್ತು ಕಣವ್ವ" ಎಂದ. ಅವನು ನಿನ್ನನ್ನು ಅವ್ವ ಎಂದದ್ದು ಅದೊಂದೇ ಸಲ. ನೀನು ನಕ್ಕಿದ್ದು ನನಗೆ ಕೇಳಿಸಿತು. ಆ ನಗುವಿನ ಮೇಲೆಯೇ ನನಗೆ ಜ್ವರ ಏರಿ ಮತ್ತೇನೂ ತಿಳಿಯಲಿಲ್ಲ.

ಎಚ್ಚರವಾದಾಗ ಪಕ್ಕದ ಚಾಪೆಗಳು ಖಾಲಿ ಇದ್ದವು. ನಮ್ಮ ಮನೆಯವರು ಗೋಡೆಗೆ ಒರಗಿ ಕೂತಿದ್ದರು, ಅಂಗೈಯೆಲ್ಲ ಬೊಬ್ಬೆ ಒಡೆದಿತ್ತು. ಅವರು ಏನನ್ನೂ ಬಣ್ಣ ಕಟ್ಟಿ ಹೇಳಲಿಲ್ಲ. ಅಜ್ಜ ಹೋದ, ಬೆಳಗಾಗುವುದರೊಳಗೆ ರೂತಿ ಹೋದಳು, ಮಾರನೆಯ ಸಂಜೆ ನೀನು. ಗುಂಡಿ ತೋಡಲು ಎದ್ದು ನಿಲ್ಲುವ ಗಂಡಸೆಂದರೆ ಅವರೊಬ್ಬರೇ. ಶಾಲೆಯ ಹಿಂದಿನ ನೆಲ ನಿನಗೆ ಗೊತ್ತಲ್ಲ, ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಮೂರು ಗುಂಡಿ ತೋಡಲು ಆಗಲಿಲ್ಲ ಮಾರ್ತ ಎಂದರು. ಒಂದೇ ಗುಂಡಿಯಲ್ಲಿ ಒಂದು ಪಕ್ಕ ಅಜ್ಜ, ಒಂದು ಪಕ್ಕ ನೀನು, ಮಧ್ಯೆ ರೂತಿ. ನನ್ನ ಮಗಳ ಮುಖ ಕೊನೆಯ ಸಲ ನೋಡಲು ನನಗೆ ಸಿಗಲಿಲ್ಲ. ಅತ್ತೆನೋ ಇಲ್ಲವೋ ನೆನಪಿಲ್ಲ. ನೀನು ಅವಳ ಪಕ್ಕದಲ್ಲಿದ್ದೀಯಲ್ಲ ಎಂಬ ಒಂದೇ ಒಂದು ಸಮಾಧಾನ, ಅದೂ ನೀನು ಸತ್ತು ಕೊಟ್ಟ ಸಮಾಧಾನ.

ಅಲ್ಲಿಂದ ಮುಂದೆ ಕರ್ತನ ಭೋಜನದ ಬಟ್ಟಲು ನನ್ನ ಎದುರಿಗೆ ಬಂದಾಗಲೆಲ್ಲ ನನಗೆ ಕಂಡದ್ದು ಆ ಗಂಜಿಯ ಬಟ್ಟಲು. ನಿನಗೆ ರೋಗ ಅದರಿಂದಲೇ ಬಂತೋ, ಕೋಣೆಯ ಗಾಳಿಯಿಂದ ಬಂತೋ, ಯಾರು ಬಲ್ಲರು? ನನಗಂತೂ ಒಂದು ಪ್ರಶ್ನೆ ಉಳಿಯಿತು. ಸ್ವಾಮಿ ನಮ್ಮನ್ನು ಆಳುಗಳೆಂದಲ್ಲ, ಸ್ನೇಹಿತರೆಂದು ಕರೆದ ಎಂದು ನಾನು ಊರೂರು ತಿರುಗಿ ಹೇಳಿದವಳು. ಸ್ನೇಹಿತನಾದವನು ಹೀಗೆ ಮಾಡುತ್ತಾನೆಯೇ? ಅವನನ್ನು ನಂಬಿ ಮಗನನ್ನು ಬಿಟ್ಟವಳನ್ನು ಮಗನ ಮುಖ ತೋರಿಸದೆ ಕರೆದುಕೊಂಡ. ಮಗು ರಾಗಿ ಹಾಕುತ್ತ ಸ್ವಾಮಿ ಏನಂದ ಎಂದು ಕೇಳುತ್ತಿದ್ದಳಲ್ಲ, ಅವಳಿಗೆ ಅವನು ಏನಂದ? ನೋಡಿಕೊಳ್ಳುತ್ತಾನೆ ಎಂದಿದ್ದೆಯಲ್ಲ ಅಕ್ಕ, ಇದೇ ಏನು ನೋಡಿಕೊಳ್ಳುವುದು? ನಾನು ಸಭೆಗೆ ಹೋಗುವುದನ್ನು ಬಿಡಲಿಲ್ಲ, ಹಳ್ಳಿಗಳಿಗೆ ಹೋಗಿ ಹೇಳುವುದನ್ನೂ ಬಿಡಲಿಲ್ಲ. ಬಟ್ಟಲು ಬಂದಾಗ ಮಾತ್ರ ಕುಡಿಯದೆ ಪಕ್ಕದವರಿಗೆ ದಾಟಿಸುತ್ತಿದ್ದೆ. ಅಯ್ಯನವರು ಬದಲಾದರು, ಒಬ್ಬೊಬ್ಬರೂ ಕರೆದು ಕೇಳಿದರು, ಒಬ್ಬೊಬ್ಬರಿಗೂ ಇನ್ನೂ ಮನಸ್ಸಾಗಿಲ್ಲ ಎಂದೆ. ನಮ್ಮ ಮನೆಯವರು ಕೇಳಲೇ ಇಲ್ಲ. ಅವರೂ ಹೋಗಿ ಬಹಳ ವರ್ಷವಾಯಿತು, ಅಲ್ಲಿ ನಿನಗೆ ಸಿಕ್ಕಿರಬಹುದು.

ಈಗ ಸುದ್ದಿಗೆ ಬಂದೆ. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಬಸ್ಸು ಇಳಿದು ಒಬ್ಬ ಗಂಡಸು ನಮ್ಮ ಕೇರಿಗೆ ನಡೆದು ಬಂದ. ಹೊಸ ಪಂಚೆ, ಕೈಯಲ್ಲಿ ಒಂದು ಸಣ್ಣ ಮಣ್ಣಿನ ಕುಡಿಕೆ. ನನ್ನ ಬಾಗಿಲಿಗೆ ಬಂದು, "ನಿಂಗಮ್ಮ ಅಂತ ಒಬ್ರು ಇದ್ರಂತಲ್ಲ, ಅವ್ರ ಮಣ್ಣು ಎಲ್ಲೈತೆ?" ಎಂದ. ನಿನ್ನ ಹಳೆಯ ಹೆಸರನ್ನು ನಾನು ಯಾರ ಬಾಯಲ್ಲಾದರೂ ಕೇಳಿ ಎಷ್ಟು ಕಾಲವಾಗಿತ್ತು! ನೀನ್ಯಾರಪ್ಪ ಎನ್ನುವ ಮೊದಲೇ ಕಣ್ಣು ನೋಡಿದೆ. ಅವನ ಅಪ್ಪನ ಕಣ್ಣು, ಗುಡಿಸಲಲ್ಲಿ ನಾನು ಒದ್ದೆ ಬಟ್ಟೆ ಹಾಕಿದ್ದ ಅದೇ ಕಣ್ಣು. ಹೌದು ಅಕ್ಕ, ನಿನ್ನ ರಂಗ. ಈಗ ರಂಗಪ್ಪ, ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು.

ಕುಡಿಯಲು ನೀರು ಕೇಳಿದ. ಇದು ನಮ್ಮ ಮನೆಯ ನೀರು ಕಣಪ್ಪ ಎಂದು ಎಚ್ಚರಿಸಿದೆ. ಗೊತ್ತು, ಕೊಡಿ ಎಂದ. ಚೊಂಬು ಕೊಟ್ಟೆ. ಅವನು ತಲೆಯನ್ನು ಹಿಂದಕ್ಕೆ ಬಾಗಿಸಿ, ಎಡಗೈಯನ್ನು ಗಲ್ಲದ ಕೆಳಗೆ ಹಿಡಿದು, ಚೊಂಬನ್ನು ಎತ್ತಿ ಗಟಗಟನೆ ಸುರಿದುಕೊಂಡ. ಒಂದು ಹನಿ ಕೆಳಗೆ ಬೀಳಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಯಾಕಮ್ಮ ಅಳ್ತೀರಿ ಎಂದು ಕೇಳಿದ. ಏನಿಲ್ಲ ಎಂದೆ.

ಜಗಲಿಯ ಮೇಲೆ ಕೂತು ಅವನು ಹೇಳಿದ್ದಿಷ್ಟು. ನಿನ್ನ ಮೈದುನ ಹೋದ ವರ್ಷ ತೀರಿಕೊಂಡ. ಅವನಿದ್ದಷ್ಟು ಕಾಲ ಮನೆಯಲ್ಲಿ ನಿನ್ನ ಹೆಸರೆತ್ತುವಂತಿರಲಿಲ್ಲ, ತಾಯಿ ತನ್ನನ್ನು ಬಿಸಾಕಿ ಹೋದವಳೆಂದೇ ನಂಬಿ ರಂಗ ಬೆಳೆದ. ಚಿಕ್ಕಪ್ಪ ಸತ್ತ ಮೇಲೆ ಚಿಕ್ಕಮ್ಮ ಅತ್ತು ಹೇಳಿದಳಂತೆ, ನಿಮ್ಮವ್ವ ನಿನ್ನನ್ನು ಬಿಟ್ಟಿದ್ದಲ್ಲ, ನಾವು ಬಿಡಿಸಿದ್ದು ಎಂದು. ಈಗ ಹೊಲ ಅವನ ಕೈಯಲ್ಲಿದೆ. ನಿನ್ನ ಗುಂಡಿಯ ಒಂದು ಹಿಡಿ ಮಣ್ಣು ಒಯ್ದು ಹುಣಸೆಮರದ ಹತ್ತಿರ ಅಪ್ಪನ ಪಕ್ಕ ಹಾಕಬೇಕು, ಹಾಕಿದರೆ ಮಾರ್ನಮಿಯಲ್ಲಿ ಅಪ್ಪನ ಜೊತೆ ನಿನಗೂ ಎಡೆ ಇಡಬಹುದು. ಅದಕ್ಕೇ ಬಂದೆ ಎಂದ. ಮಾತೆಲ್ಲ ಒಣಗಿಹೋಗಿತ್ತು, ದೂರದವರ ವಿಷಯ ಹೇಳುವ ಹಾಗೆ. ಕೊನೆಗೆ ಮಾತ್ರ, ನನ್ನನ್ನು ಆಮೇಲೆ ಒಂದು ಸಲವಾದರೂ ನೋಡಲು ಬಂದಿದ್ದಳೇ ಎಂದು ನೆಲ ನೋಡುತ್ತ ಕೇಳಿದ.

ನಾನು ಕೆರೆ ಏರಿಯ ಮಾತು ಹೇಳಿದೆ. ಪ್ರತಿ ಸಂತೆಗೂ ಬಿಳಿ ಸೀರೆಯುಟ್ಟು ನಿಂತಿರುತ್ತಿದ್ದಳು, ಗಾಡಿ ಕಣ್ಮರೆಯಾಗುವ ತನಕ ನಿಂತಿರುತ್ತಿದ್ದಳು ಎಂದೆ. ಅವನ ಮುಖ ಕಪ್ಪಿಟ್ಟಿತು. ಕುಡಿಕೆಯನ್ನು ಕೆಳಗಿಟ್ಟ. "ಅದನ್ನ ದೆವ್ವ ಅಂತಿದ್ರು ನಮ್ಮನೇಲಿ. ಒಂದಿನ ಗಾಡಿ ಇಳ್ದು ಹತ್ರ ಹೋಗಿ ಕಲ್ಲು ಬೀರ್ದೆ. ದೆವ್ವ ಆದ್ರೆ ಮಾಯ ಆಗ್ಬೇಕಿತ್ತು. ಅದು ಅಲ್ಲೇ ನಿಂತಿತ್ತು." ಅಲ್ಲಿಗೆ ನಿಲ್ಲಿಸಿದ. ನನಗೂ ಆಗಲೇ ಹೊಳೆದದ್ದು. ನಿನ್ನ ಹಣೆ, ನಿನ್ನ ಸೆರಗು, ಕಾಲು ಜಾರಿತು ಎಂದ ನಿನ್ನ ಸುಳ್ಳು… ಅಕ್ಕ, ನನ್ನಿಂದಲೂ ಮುಚ್ಚಿಟ್ಟೆಯಲ್ಲ.

"ತಗುಲಿತ್ತಾ?" ಎಂದು ಕೇಳಿದ.

ಇಲ್ಲ ಎಂದು ಹೇಳಿಬಿಡಬಹುದಿತ್ತು. ನೀನಾಗಿದ್ದರೆ ಹಾಗೆಯೇ ಹೇಳುತ್ತಿದ್ದೆ, ಗೊತ್ತು. ಆದರೆ ಇಲ್ಲ ಎಂದರೆ ಆ ನಗುವನ್ನೂ ಅವನಿಂದ ಕಿತ್ತುಕೊಂಡಂತೆ. "ತಗುಲಿತ್ತು ಕಣಪ್ಪ. ಅವತ್ತು ನಿಮ್ಮವ್ವ ನಗ್ತಾ ಬಂದ್ಲು. ನನ್ ಮಗ ಇವತ್ತು ಬಲು ಹತ್ರ ಬಂದಿದ್ದ ಅಂದ್ಲು" ಎಂದೆ. ಅವನು ಟವಲ್ಲನ್ನು ಮುಖದ ಮೇಲೆ ಹಾಕಿಕೊಂಡ. ದೊಡ್ಡ ಮೈಯ ಗಂಡಸು, ನನ್ನ ಜಗಲಿಯ ಮೇಲೆ, ಅಷ್ಟು ಜನ ಓಡಾಡುವ ಕೇರಿಯಲ್ಲಿ, ಅವ್ವಾ ಎಂದು ಹಸುಗೂಸಿನ ಹಾಗೆ ಅತ್ತ. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅಳಲಿ ಎಂದು ಬಿಟ್ಟೆ.

ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋದೆ. ನಿಮ್ಮ ಮೇಲೆ ಒಂದೇ ಚಪ್ಪಡಿ, ಅದರಲ್ಲಿ ಉಳಿಯಿಂದ ಕೆತ್ತಿದ ಒಂದು ಶಿಲುಬೆ, ಹೆಸರಿಲ್ಲ. ನಮ್ಮವ್ವ ಯಾವ ಕಡೆ ಎಂದು ಕೇಳಿದ. ಇಲ್ಲಿ ನನಗೆ ಭಯವಾಯಿತು. ನಿಮ್ಮವ್ವ ಒಬ್ಬಳೇ ಇಲ್ಲ, ತೊಗಲು ಹೊಲಿಯುವ ಅಜ್ಜನೊಬ್ಬ ಇದ್ದಾನೆ, ನನ್ನ ಮಗಳಿದ್ದಾಳೆ, ಒಂದೇ ಗುಂಡಿ, ಇಷ್ಟು ವರ್ಷಕ್ಕೆ ಯಾರ ಮಣ್ಣು ಯಾವುದೋ ದೇವರಿಗೇ ಗೊತ್ತು ಎಂದೆ. ಎದ್ದು ಹೋಗುತ್ತಾನೆ ಎಂದುಕೊಂಡೆ. ಒಕ್ಕಲಿಗರ ಹೊಲಕ್ಕೆ, ಅಪ್ಪನ ಮಗ್ಗುಲಿಗೆ, ನಮ್ಮವರ ಮಣ್ಣನ್ನು ಯಾರು ಒಯ್ಯುತ್ತಾರೆ? ಅವನು ಕುಡಿಕೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ, ಬಿಸಿಲು ಅವನ ಬೆನ್ನ ಮೇಲೆ. ಆಮೇಲೆ ಮೂರು ಕಡೆಯಿಂದಲೂ ಹಿಡಿ ಹಿಡಿ ಮಣ್ಣು ತುಂಬಿಕೊಂಡ. "ಮೂವರ್ದೂ ಬರ್ಲಿ ಬುಡಿ. ಇಷ್ಟ್ ವರ್ಷ ಜೊತೇಲಿ ಅವ್ರೆ, ಈಗ ಹೆಂಗ್ ಬ್ಯಾರೆ ಮಾಡಾದು?"

ಆ ಕುಡಿಕೆ ಬಸ್ಸು ಹತ್ತಿ ಹೋದ ಮೇಲೆ ನಾನು ಚಪ್ಪಡಿಯ ಹತ್ತಿರವೇ ಕೂತಿದ್ದೆ. ನಿನ್ನ ಆ ನಗು ನನ್ನನ್ನು ಬಿಡಲೊಲ್ಲದು. ಕಲ್ಲು ಬಿದ್ದದ್ದನ್ನು ಲೆಕ್ಕಕ್ಕಿಡದೆ, ಬೀರಲಿಕ್ಕಾದರೂ ಹತ್ತಿರ ಬಂದನಲ್ಲ ಎಂದು ಹಿಗ್ಗುವ ಪ್ರೀತಿ. ಅದನ್ನು ನಾನು ಪುಸ್ತಕದಲ್ಲಿ ಓದಿ ಓದಿ ಹೇಳುತ್ತಿದ್ದೆ, ನನ್ನ ಅಂಗೈಯಿಂದಲೇ ಅದರ ರಕ್ತ ಒರೆಸಿದ್ದೆ, ಆದರೂ ಕಂಡಿರಲಿಲ್ಲ. ಇಷ್ಟು ವರ್ಷ ಸ್ವಾಮಿಯ ಮೇಲೆ ನಾನು ಬೀರಿದ ಕಲ್ಲುಗಳೇನು ಕಮ್ಮಿಯೇ? ಅವನೂ ಏರಿಯ ಮೇಲೆ ಹಾಗೆಯೇ ನಿಂತಿದ್ದನೋ ಏನೋ. ರೂತಿ ಸತ್ತದ್ದು ಸರಿ ಎಂದು ನಾನು ಯಾವತ್ತೂ ಒಪ್ಪುವುದಿಲ್ಲ, ಅವನ ಮುಖ ಕಂಡ ದಿನ ಮೊದಲು ಅದನ್ನೇ ಕೇಳುತ್ತೇನೆ. ಕೇಳಬಹುದು ಎಂಬ ಸಲಿಗೆ ಮಾತ್ರ ನನಗೆ ವಾಪಸು ಬಂದಿದೆ. ಸ್ನೇಹವೆಂದರೆ ನಿನಗೆ ಆ ಸಲಿಗೆಯೇ ಆಗಿತ್ತು ಅಲ್ಲವೇ?

ಅದಾದ ಮೇಲೆ ಅಯ್ಯನವರು ಬಂದ ಭಾನುವಾರ ಬಟ್ಟಲು ನನ್ನ ಎದುರಿಗೆ ಬಂತು. ಪಕ್ಕದವಳು ರೂಢಿಯಂತೆ ಕೈ ಚಾಚಿ ಕಾದಿದ್ದಳು. ನಾನು ಕೊಡಲಿಲ್ಲ. ತುಟಿ ಹಚ್ಚಿಯೇ ಕುಡಿದೆ ಅಕ್ಕ. ಆದರೆ ನನ್ನ ಎಡಗೈ, ಹುಟ್ಟಿದಂದಿನಿಂದ ಆ ಅಭ್ಯಾಸವಿಲ್ಲದ ಕೈ, ತಾನಾಗಿ ಗಲ್ಲದ ಕೆಳಗೆ ಹೋಗಿತ್ತು. ಸಾಲಿನಲ್ಲಿ ಹಳಬರು ಇನ್ನೂ ಇಬ್ಬರು ಮೂವರು ಉಳಿದಿದ್ದಾರೆ. ಅವರು ನೋಡಿದರು, ತಲೆ ತಗ್ಗಿಸಿದರು.

ರಂಗ ಹೊರಡುವಾಗ ಕೇಳಿದ ಇನ್ನೊಂದು ಮಾತನ್ನು ಕಡೆಗೆಂದು ಇಟ್ಟುಕೊಂಡಿದ್ದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಆ ಮಗುವಿಗೆ ಏನು ಇಷ್ಟ, ಆ ಅಜ್ಜನಿಗೆ ಏನು ಇಷ್ಟ ಎಂದು ವಿಚಾರಿಸಿದ. ಎಡೆಗೆ. ನಮ್ಮಲ್ಲಿ ಹಾಗೆ ಇಡುವುದಿಲ್ಲ ಎಂದು ಹೇಳಬೇಕಾಗಿತ್ತು, ಹೇಳಲಿಲ್ಲ. ರೂತಿಗೆ ಹುರಿಗಡಲೆ ಬೆಲ್ಲ ಎಂದೆ. ಅಜ್ಜನದಕ್ಕೆ ಉಪ್ಪು ಸ್ವಲ್ಪ ಮುಂದಾಗಿರಲಿ ಎಂದೆ. ಈಗ ಇಳಿಹೊತ್ತು, ನಾನು ಇದನ್ನು ಬರೆಯುತ್ತಿರುವಾಗಲೇ ಹುಣಸೆಮರದ ಕೆಳಗೆ, ಪ್ಲೇಗಿನ ವರ್ಷ ಬಿಟ್ಟರೆ ನಮ್ಮವರು ಯಾರೂ ಕಾಲಿಡದ ಹೊಲದಲ್ಲಿ, ನಿನ್ನ ಗಂಡನ ಎಡೆಯ ಪಕ್ಕ ಇನ್ನೂ ಮೂರು ಎಲೆ ಹಾಕಿರುತ್ತಾನೆ. ನಿನ್ನ ಎಲೆಯ ಬಳಿ ಚೊಂಬಲ್ಲಿ ನೀರಿರುತ್ತದೆ. ಎತ್ತಿ ಕುಡಿ ಅಕ್ಕ. ಇನ್ನು ಯಾರೂ ಏನೂ ಅನ್ನುವುದಿಲ್ಲ.

ನಿನ್ನ
ಮಾರ್ತ